ಮಕ್ಕಳನ್ನು ಕಾಣಲು ಬೆಜವಾಡಕ್ಕೆ ಹೋದಾಗ

ಮಕ್ಕಳನ್ನು ವಿದ್ಯಾಭ್ಯಾಸಕ್ಕೆಂದು ದೂರದ ಊರಿನ ವಿದ್ಯಾರ್ಥಿನಿಲಯದಲ್ಲಿ ಬಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಅವರನ್ನು ಕಂಡು ಬರುವುದು ಮಹಾನಗರದ ಕನ್ನಡ ಕುಟುಂಬಗಳಲ್ಲಿ ಈಗ ವಾಡಿಕೆಯೇ ಆಗಿದೆ. ರೈಲಿನ ಟಿಕೇಟನ್ನು ಅರವತ್ತು ದಿನ ಮೊದಲೇ ಕಾದಿರಿಸಲಾಗುತ್ತದೆ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿಗಳ ಡಬ್ಬಿಗಳು ಸಿದ್ಧವಾಗುತ್ತವೆ. ಆದರೆ ಹೋದಲ್ಲಿ ಆ ಎರಡು ದಿನಗಳನ್ನು ಹೇಗೆ ಕಳೆಯಬೇಕೆಂಬುದನ್ನು ಮಾತ್ರ ಯಾರೂ ಯೋಚಿಸಿರುವುದಿಲ್ಲ. ವಿದ್ಯಾರ್ಥಿನಿಲಯದ ಬಾಗಿಲು ತೆರೆಯುವುದು ಕೆಲವೇ ಗಂಟೆಗಳ ಕಾಲ. ಉಳಿದ ಹೊತ್ತನ್ನು ತಂದೆಯಾದವನು ವಸತಿಗೃಹದ ಪಂಖದ ಕೆಳಗೆ ಮಲಗಿ, ತಾಯಿಯಾದವಳು ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಕುಳಿತು ಕಳೆಯುತ್ತಾರೆ. ಮಗ ಹೊರಗೆ ಬಂದೊಡನೆ ಮೊದಲ ಪ್ರಶ್ನೆ, "ಕಳೆದ ಪರೀಕ್ಷೆಯಲ್ಲಿ ಎಷ್ಟು ಬಂತು?" ಎರಡನೆಯದು, "ಪಕ್ಕದ ಹುಡುಗನಿಗೆ ಎಷ್ಟು?" ಆ ಬಳಿಕ ಮಾತೇ ಉಳಿಯುವುದಿಲ್ಲ.

ಹೀಗಾಗುವುದಕ್ಕೆ ಪ್ರೀತಿಯ ಕೊರತೆ ಕಾರಣವಲ್ಲ. ಮಗು ಇರುವ ಊರೇ ತಂದೆತಾಯಿಗಳಿಗೆ ತಿಳಿದಿರುವುದಿಲ್ಲ. ತಿಳಿಯದ ಊರಿನ ಬಗ್ಗೆ ಮಾತನಾಡುವುದಾದರೂ ಏನನ್ನು?

ವಿದ್ಯೆಗಾಗಿ ಗಡಿ ದಾಟುವುದು ಹೊಸದಲ್ಲ. ಮಣಿಪಾಲದಲ್ಲಿ 1953ರಲ್ಲಿ, ಕಲಬುರಗಿ ಮತ್ತು ದಾವಣಗೆರೆಗಳಲ್ಲಿ 1960ರ ದಶಕದಲ್ಲಿ ವೈದ್ಯಕೀಯ ಕಾಲೇಜುಗಳು ತಲೆಯೆತ್ತಿದ ಮೇಲೆ ಆಂಧ್ರದ ತಂದೆತಾಯಿಗಳು ಉಪ್ಪಿನಕಾಯಿಯ ಜಾಡಿಗಳನ್ನು ಹೊತ್ತು ಕರ್ನಾಟಕದ ಊರುಗಳಿಗೆ ಬರುತ್ತಿದ್ದರು. ಈಗ ಕನ್ನಡಿಗರೂ ಎದುರು ದಿಕ್ಕಿನಲ್ಲಿ ಪಯಣಿಸತೊಡಗಿದ್ದಾರೆ. ವಿಜಯವಾಡ, ಅರ್ಥಾತ್ ಹಳಬರ ಬಾಯಲ್ಲಿ ಇನ್ನೂ ಉಳಿದಿರುವ ಬೆಜವಾಡ, ವಿದ್ಯಾಸಂಸ್ಥೆಗಳ ದೊಡ್ಡ ಕೇಂದ್ರ. ಇಲ್ಲಿನ ಸರಕಾರಿ ಕಾಲೇಜು 1937ರಷ್ಟು ಹಳೆಯದು. ಆಂಧ್ರ ಲೊಯೊಲಾ ಕಾಲೇಜು 1950ರ ದಶಕದಲ್ಲಿ, ಸಿದ್ಧಾರ್ಥ ವೈದ್ಯಕೀಯ ಕಾಲೇಜು 1980ರಲ್ಲಿ, ವಾಸ್ತುಶಿಲ್ಪ ಹಾಗೂ ನಗರಯೋಜನೆಯ ಕೇಂದ್ರೀಯ ಶಾಲೆ 2008ರಲ್ಲಿ ಬಂದವು. ನದಿಯ ಆಚೆ ಮಂಗಳಗಿರಿಯ ಏಮ್ಸ್ ಸಂಸ್ಥೆಯಲ್ಲಿ 2018ರಿಂದ ವೈದ್ಯ ಶಿಕ್ಷಣ ನಡೆದಿದೆ. ಅಮರಾವತಿಯಲ್ಲಿ 2017ರಿಂದ ಖಾಸಗಿ ವಿಶ್ವವಿದ್ಯಾಲಯಗಳಿವೆ. ಇವೆಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿರುವುವು ಪ್ರವೇಶ ಪರೀಕ್ಷೆಗಳಿಗೆ ಅಣಿಗೊಳಿಸುವ ವಸತಿಸಹಿತ ಇಂಟರ್‌ಮೀಡಿಯೆಟ್ ಕಾಲೇಜುಗಳು. ಹದಿನಾರು ಹದಿನೇಳರ ಮಕ್ಕಳು ನಸುಕಿನಿಂದ ರಾತ್ರಿಯವರೆಗೆ ಪುಸ್ತಕದ ಮುಂದಿರುವುದು ಇಂಥ ಕಡೆ.

ಪಾಲಕರು ತಂಗುವುದಕ್ಕೆ ನಗರದ ಪಶ್ಚಿಮ ಅಂಚಿನ ಭವಾನಿಪುರಂ ಉಚಿತವಾದ ಬಡಾವಣೆ. ಒಂದು ಬದಿಗೆ ಹೈದರಾಬಾದಿನ ಹೆದ್ದಾರಿ, ಇನ್ನೊಂದು ಬದಿಗೆ ಕೃಷ್ಣಾ ನದಿ. ಇಂದ್ರಕೀಲಾದ್ರಿಯ ಬುಡದಲ್ಲಿ ಬೆಟ್ಟಕ್ಕೂ ನದಿಗೂ ನಡುವೆ ಇಕ್ಕಟ್ಟಾಗಿದ್ದ ದಾರಿಗೆ 2020ರಲ್ಲಿ ಮೇಲುಸೇತುವೆಯಾದ ನಂತರ ರೈಲು ನಿಲ್ದಾಣದಿಂದ ಇಲ್ಲಿಗೆ ಬರುವುದು ಸುಲಭವಾಗಿದೆ. ಮುಂಬಯಿಯವರು ಕೋಣಾರ್ಕ ಎಕ್ಸ್‌ಪ್ರೆಸ್ಸಿನಲ್ಲಿ ಸೊಲ್ಲಾಪುರ, ಕಲಬುರಗಿ, ವಾಡಿಗಳನ್ನು ಹಾದು ಬರುತ್ತಾರೆ. ದಾರಿಯಲ್ಲಿ ದಾಟಿದ ಭೀಮಾ ನದಿ ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡಿ, ಶ್ರೀಶೈಲ, ನಾಗಾರ್ಜುನಸಾಗರಗಳನ್ನು ಹಾಯ್ದು, ಅವರಿಗಿಂತ ನಿಧಾನವಾಗಿ ಇದೇ ಭವಾನಿಪುರದ ಘಟ್ಟಕ್ಕೆ ಬಂದು ಸೇರುತ್ತದೆ. ಮಲಪ್ರಭೆ, ಘಟಪ್ರಭೆ, ತುಂಗಭದ್ರೆಗಳ ನೀರೂ ಅದರಲ್ಲಿದೆ. ಪರಸ್ಥಳವೆಂಬ ಅಳುಕು ಇದರಿಂದಲೇ ಅರ್ಧ ಕಡಿಮೆಯಾದೀತು. ಉಳಿದರ್ಧವನ್ನು ಅಂಗಡಿಗಳ ಫಲಕಗಳು ಕಳೆಯುತ್ತವೆ; ತೆಲುಗು ಅಕ್ಷರಗಳ ತಲೆಕಟ್ಟಿನ ವ್ಯತ್ಯಾಸಕ್ಕೆ ಕಣ್ಣು ಒಗ್ಗಿಕೊಂಡರೆ ಕನ್ನಡ ಬಲ್ಲವನು ಅರ್ಧ ಗಂಟೆಯಲ್ಲಿ ಅವುಗಳನ್ನು ಓದತೊಡಗುತ್ತಾನೆ.

ಮೊದಲ ದಿನದ ಬೆಳಗನ್ನು ಪಾಲಕರು ತಮಗಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಸೂರ್ಯ ಮೇಲೇರುವ ಮುನ್ನ ನದಿಯ ದಂಡೆಯಲ್ಲಿ ನಡೆದರೆ ಎದುರಿಗೆ ಭವಾನಿ ದ್ವೀಪ ಕಾಣುತ್ತದೆ. ದ್ವೀಪಕ್ಕೆ ದೋಣಿಗಳಿವೆ, ಪ್ರವಾಹದ ದಿನಗಳಲ್ಲಿ ಅವು ನಿಲ್ಲುತ್ತವೆ. ಜೀವರಕ್ಷಕ ಅಂಗಿ ತೊಡಿಸದ ದೋಣಿಯನ್ನು, ಎಷ್ಟೇ ಅಗ್ಗವಾಗಿರಲಿ, ಹತ್ತಲಾಗದು. 2017ರ ನವೆಂಬರಿನಲ್ಲಿ ಇಲ್ಲಿಗೆ ಸಮೀಪದಲ್ಲೇ ಪ್ರವಾಸಿಗಳ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ನೀರಿನ ಬಗೆಗೆ ಈ ಊರಿಗೆ ಇನ್ನೊಂದು ನೆನಪೂ ಇದೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಎಂಬ ತೊರೆ ಉಕ್ಕಿ ಹಲವು ಬಡಾವಣೆಗಳು ದಿನಗಟ್ಟಲೆ ಮುಳುಗಿದ್ದವು. ಮಳೆಗಾಲದ ಸುದ್ದಿಗಳನ್ನು ಕೇಳಿಕೊಂಡು ಹೊರಡುವುದು ಜಾಣತನ.

ನದಿಯ ಕೆಳಮಗ್ಗುಲಿಗೆ ಪ್ರಕಾಶಂ ಬ್ಯಾರೇಜು. 1850ರ ದಶಕದಲ್ಲಿ ಕಟ್ಟಿದ ಹಳೆಯ ಅಣೆಕಟ್ಟು 1952ರಲ್ಲಿ ಒಡೆದ ಮೇಲೆ ಇದನ್ನು ಕಟ್ಟಿ 1957ರಲ್ಲಿ ತೆರೆದರು. ಉದ್ದ 1,223 ಮೀಟರು, ಬಾಗಿಲುಗಳು 70. ಕೃಷ್ಣಾ ಮುಖಜಭೂಮಿಯ ಭತ್ತದ ಗದ್ದೆಗಳು ಇಲ್ಲಿಂದ ಹೊರಡುವ ಕಾಲುವೆಗಳನ್ನು ನಂಬಿವೆ. ಸಂಜೆಯ ವಾಯುಸೇವನೆಗೆ ಇದಕ್ಕಿಂತ ಒಳ್ಳೆಯ ಸ್ಥಳ ನಗರದಲ್ಲಿಲ್ಲ.

ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಯ ಗುಡಿ. ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಇಲ್ಲಿಯೇ ಎಂಬುದು ಸ್ಥಳದ ನಂಬಿಕೆ. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಅಮ್ಮನವರಿಗೆ ಸರಸ್ವತಿಯ ಅಲಂಕಾರವಾಗುತ್ತದೆ. ಅಂದು ಬೆಟ್ಟದ ತುಂಬ ವಿದ್ಯಾರ್ಥಿಗಳೇ. ಭಕ್ತಿಯಿದ್ದವರು ಆ ದಿನವೇ ಹೋಗಲಿ, ಆದರೆ ಮಂಡಿನೋವು, ರಕ್ತದೊತ್ತಡಗಳುಳ್ಳವರು ದಸರೆ, ಭವಾನಿ ದೀಕ್ಷೆಯ ದಿನಗಳು ಮತ್ತು ಶುಕ್ರವಾರಗಳನ್ನು ಬಿಟ್ಟು ಬೇರೊಂದು ದಿನ ದೇವಸ್ಥಾನದ ಬಸ್ಸಿನಲ್ಲಿ ಮೇಲೇರುವುದು ಲೇಸು. ಮೆಟ್ಟಿಲೇರಿದ ಪುಣ್ಯವನ್ನು ಮಂಡಿಗಳು ಮೂರು ದಿನ ನೆನಪಿಸುತ್ತವೆ.

ಬ್ಯಾರೇಜನ್ನು ದಾಟಿದರೆ ಉಂಡವಲ್ಲಿಯ ಗುಹಾಲಯ. ಬಾದಾಮಿಯನ್ನು ಕಂಡ ಕನ್ನಡಿಗನಿಗೆ ಇದು ತೀರ ಅಪರಿಚಿತವೆನಿಸದು. ಗುಡ್ಡವನ್ನೇ ಕೊರೆದು ನಾಲ್ಕು ಅಂತಸ್ತುಗಳನ್ನು ಮಾಡಿದ್ದಾರೆ. ಮೇಲಿನ ಅಂತಸ್ತಿನಲ್ಲಿ ಅನಂತಶಯನನ ಬೃಹತ್ ವಿಗ್ರಹ ಮಲಗಿದೆ. ನಗರದೊಳಗೆ ಬಂದರು ರಸ್ತೆಯಲ್ಲಿ ಬಾಪು ವಸ್ತುಸಂಗ್ರಹಾಲಯವಿದೆ. ಹಿಂದೆ ವಿಕ್ಟೋರಿಯಾ ಜ್ಯುಬಿಲಿ ಎಂಬ ಹೆಸರಿತ್ತು. 1921ರಲ್ಲಿ ಬೆಜವಾಡದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ಪಿಂಗಳಿ ವೆಂಕಯ್ಯನವರು ಗಾಂಧೀಜಿಯವರ ಕೈಗೆ ಧ್ವಜದ ಮಾದರಿಯನ್ನಿತ್ತ ಪ್ರಸಂಗಕ್ಕೆ ಈ ಕಟ್ಟಡ ಹೆಸರಾಗಿದೆ. ಖಾದಿಯ ರಾಷ್ಟ್ರಧ್ವಜ ಇಂದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿದ್ಧವಾಗುತ್ತದೆಂಬುದನ್ನು ಇಲ್ಲಿ ನಿಂತು ಮಗಳಿಗೆ ಹೇಳಿದರೆ, ಅದು ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬಾರದಿದ್ದರೂ, ಆಕೆ ಕೇಳುತ್ತಾಳೆ.

ಭವಾನಿಪುರದಿಂದ ಹೆದ್ದಾರಿ ಹಿಡಿದರೆ ಕೊಂಡಪಲ್ಲಿ ದೂರವಿಲ್ಲ. ಅಲ್ಲಿನ ಗೊಂಬೆಗಳನ್ನು ಪೊಣಿಕಿ ಎಂಬ ಹಗುರವಾದ ಮರದಲ್ಲಿ ಕೆತ್ತಿ, ಅಂಗಾಂಗಗಳನ್ನು ಹುಣಿಸೆಬೀಜ ಮತ್ತು ಮರದ ಹೊಟ್ಟಿನ ಅಂಟಿನಿಂದ ಜೋಡಿಸುತ್ತಾರೆ. ಕೊಪ್ಪಳದ ಕಿನ್ನಾಳದಲ್ಲೂ ಹುಣಿಸೆಬೀಜದ ಅಂಟಿನ ಬಳಕೆಯಿದೆ. ಬೆಟ್ಟದ ಮೇಲಿನ ಕೋಟೆಯನ್ನು ಹದಿನಾರನೆಯ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯನು ಗಜಪತಿಗಳಿಂದ ಗೆದ್ದನು. ಅದಕ್ಕೂ ಆರು ಶತಮಾನ ಹಿಂದೆ ನೆರೆಯ ವೆಂಗಿಯಿಂದ ಹೊರಟುಬಂದ ಮನೆತನದಲ್ಲಿ ಪಂಪ ಹುಟ್ಟಿದನು. ವಿದ್ಯಾವಂತ ಕುಟುಂಬಗಳ ವಲಸೆಗೆ ಇದಕ್ಕಿಂತ ಘನವಾದ ಕನ್ನಡ ಉದಾಹರಣೆ ಸಿಗಲಾರದು.

ಈ ಸ್ಥಳಗಳಿಗೆ ಮಕ್ಕಳನ್ನು ಎಳೆದುಕೊಂಡು ಹೋಗಬೇಕೆಂದು ಅರ್ಥವಲ್ಲ. ತಿಂಗಳಿಗೊಂದು ದಿನ ಹೊರಬರುವ ಮಗುವಿಗೆ ಬೇಕಾಗಿರುವುದು ಮುಖ್ಯವಾಗಿ ಎರಡು: ನಿದ್ರೆ ಮತ್ತು ಊಟ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ವಿದ್ಯಾರ್ಥಿನಿಲಯದ ವೇಳಾಪಟ್ಟಿಯಲ್ಲಿ ಅಷ್ಟು ಸಿಕ್ಕುವುದು ದುರ್ಲಭ. ವಸತಿಗೃಹದ ಕೋಣೆಗೆ ಬಂದ ಮಗ ಊಟ ಮಾಡಿ ನಾಲ್ಕು ಗಂಟೆ ಗಾಢವಾಗಿ ಮಲಗಿಬಿಟ್ಟರೆ ಭೇಟಿ ವ್ಯರ್ಥವಾಯಿತೆಂದು ತಾಯಿ ಮರುಗುವುದುಂಟು. ಅದಕ್ಕಿಂತ ಸಾರ್ಥಕವಾದ ಭೇಟಿ ಇನ್ನೊಂದಿಲ್ಲ. ಆ ನಾಲ್ಕು ಗಂಟೆ ತಂದೆ ನದಿಯ ದಂಡೆಗೆ ಹೋಗಿಬರಲಿ. ಮಗ ಎದ್ದಾಗ ಹೇಳಲು ಏನಾದರೂ ಇರುತ್ತದೆ, ಕೇಳಲೂ ಇರುತ್ತದೆ: ಪುನುಗುಲು ಎಲ್ಲಿ ಚೆನ್ನಾಗಿ ಸಿಗುತ್ತದೆ, ಪೆಸರಟ್ಟು ಯಾವ ಹೋಟೆಲಿನದು, ಗಾಂಧಿನಗರದ ಬಾಬಾಯಿ ಹೋಟೆಲಿನ ಬೆಣ್ಣೆ ಇಡ್ಲಿಯನ್ನು ತಿಂದಿದ್ದಾನೆಯೇ. ತಂದೆಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವ ಸಂತೋಷ ಮಗನಿಗೂ ಬೇಕು.

ಮಾತನಾಡುತ್ತಲೇ ಗಮನಿಸಬೇಕಾದ ಸಂಗತಿಗಳಿವೆ. ಸೊಂಟದ ಪಟ್ಟಿ ಎರಡು ತೂತು ಬಿಗಿಯಾಗಿದೆಯೇ? ಕಣ್ಣಿನ ಬಿಳಿ ಹಳದಿಗೆ ತಿರುಗಿದ್ದರೆ ಕಾಮಾಲೆಯ ಸಂಶಯ. ನಾಲ್ಕು ದಿನ ಬಿಡದ ಜ್ವರವಿದ್ದರೆ ಟೈಫಾಯಿಡ್, ಡೆಂಗೆಗಳ ಪರೀಕ್ಷೆ ಅಗತ್ಯ. ಕಾಮಾಲೆಯ ಒಂದು ಬಗೆಗೆ ಮತ್ತು ಟೈಫಾಯಿಡ್‌ಗೆ ಲಸಿಕೆಗಳಿವೆ. ವಿದ್ಯಾರ್ಥಿನಿಲಯಕ್ಕೆ ಸೇರಿಸುವ ಮೊದಲೇ ವೈದ್ಯರನ್ನು ಕೇಳಿ ಹಾಕಿಸುವುದು ಉತ್ತಮ. ಬೆರಳ ಸಂದುಗಳಲ್ಲಿ ರಾತ್ರಿ ಹೆಚ್ಚುವ ತುರಿಕೆ ಸಾಮಾನ್ಯವಾಗಿ ಕಜ್ಜಿ. ಒಬ್ಬನಿಗೆ ಮುಲಾಮು ಹಚ್ಚಿದರೆ ಪ್ರಯೋಜನವಿಲ್ಲ. ಕೋಣೆಯ ಎಲ್ಲರಿಗೂ ಒಂದೇ ಸಲ ಚಿಕಿತ್ಸೆಯಾಗಿ, ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಹುಡುಗಿಯರಲ್ಲಿ ಬಿಳಿಚಿದ ಮುಖ, ಮೆಟ್ಟಿಲೇರುವಾಗಿನ ಏದುಸಿರು ರಕ್ತಹೀನತೆಯ ಸೂಚನೆ. ಸಾಮಾನ್ಯ ರಕ್ತಪರೀಕ್ಷೆ ಅದನ್ನು ಹೇಳುತ್ತದೆ. ಹಲಗೆಯನ್ನು ಕಣ್ಣು ಕಿರಿದು ಮಾಡಿ ನೋಡುವ ಮಗುವಿಗೆ ಬುದ್ಧಿವಾದಕ್ಕಿಂತ ಕನ್ನಡಕ ಬೇಕಾಗಿರಬಹುದು.

ಮೈಯ ಲಕ್ಷಣಗಳು ಕಣ್ಣಿಗೆ ಬೀಳುತ್ತವೆ, ಮನಸ್ಸಿನವು ಬೀಳುವುದಿಲ್ಲ. ಮೊದಲು ಮಾತುಗಾರನಾಗಿದ್ದವನು ಮೌನಿಯಾಗುವುದು, ಇಷ್ಟದ ತಿಂಡಿಯನ್ನು ಮುಟ್ಟದಿರುವುದು, ನಿದ್ರೆ ಬಾರದೆನ್ನುವುದು, ತನ್ನ ವಸ್ತುಗಳನ್ನು ಗೆಳೆಯರಿಗೆ ಹಂಚಿಬಿಡುವುದು, ತನ್ನಿಂದ ಮನೆಗೆ ಹೊರೆಯೆನ್ನುವುದು, ಇವುಗಳನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಪರೀಕ್ಷೆಯ ಒತ್ತಡದಲ್ಲಿ ಜೀವ ಕಳೆದುಕೊಂಡ ಎಳೆಯರ ಸುದ್ದಿಗಳು ವರ್ಷವರ್ಷವೂ ಪತ್ರಿಕೆಗಳಲ್ಲಿ ಬರುತ್ತಿವೆ. ಆ ಮನೆಗಳಲ್ಲಿಯೂ ಶುಲ್ಕದ ರಸೀದಿಗಳು ಅಚ್ಚುಕಟ್ಟಾಗಿ ಕಡತದಲ್ಲಿದ್ದಿರಬೇಕು. "ಸಾಯಬೇಕೆಂದು ಅನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲವೆಂಬುದು ವೈದ್ಯರ ಸ್ಪಷ್ಟ ಅಭಿಪ್ರಾಯ. ಕೇಳುವುದರಿಂದ ಮಗುವಿಗೆ ಹೇಳಿಕೊಳ್ಳುವ ದಾರಿಯಾಗುತ್ತದೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಮಗುವಿನ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಡುವುದರಲ್ಲಿ ಅಪಶಕುನವೇನೂ ಇಲ್ಲ. ವರ್ಷದ ಶುಲ್ಕ ಕಟ್ಟಿಯಾಗಿದೆ, ಆದ್ದರಿಂದ ಬಿಡಿಸಿಕೊಂಡು ಹೋಗುವಂತಿಲ್ಲ ಎಂಬುದು ಲೆಕ್ಕಶಾಸ್ತ್ರದ ಪ್ರಕಾರವೂ ತಪ್ಪು. ಕೈಬಿಟ್ಟ ಹಣ ಮುಂದಿನ ನಿರ್ಣಯಕ್ಕೆ ಆಧಾರವಾಗಕೂಡದೆಂದು ವಾಣಿಜ್ಯದ ವಿದ್ಯಾರ್ಥಿಗಳಿಗೇ ಕಲಿಸುತ್ತಾರೆ.

ಇನ್ನು ಪಾಲಕರ ಸ್ವಂತ ಆರೋಗ್ಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಉಷ್ಣತೆ ನಲವತ್ತು ಡಿಗ್ರಿಯನ್ನು ದಾಟುವುದು ಸಾಮಾನ್ಯ. ಜೊತೆಗೆ ಕರಾವಳಿಯ ತೇವ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಬೇಸಿಗೆಯಲ್ಲೇ ಹೋಗಬೇಕಾದರೆ ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಡಬಾರದು. ಬಾಯಾರುವ ಮುನ್ನವೇ ನೀರು, ಮಜ್ಜಿಗೆ ಕುಡಿಯುತ್ತಿರಬೇಕು. ಬಿಸಿಲಿನಲ್ಲಿ ಮೈ ಕಾದು, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ತಣ್ಣೀರಿನಿಂದ ಮೈ ಒರೆಸುತ್ತ 108ಕ್ಕೆ ಕರೆ ಮಾಡಬೇಕು. ಗುಂಟೂರಿನ ಮೆಣಸಿನಕಾಯಿ ನದಿಯ ಆಚೆಯದೇ ಆದ್ದರಿಂದ ಊಟದ ಖಾರದ ಬಗ್ಗೆ ಹೇಳಬೇಕಾಗಿಲ್ಲ. ಆದರೆ ರಕ್ತದೊತ್ತಡವುಳ್ಳವರಿಗೆ ಖಾರಕ್ಕಿಂತ ಉಪ್ಪು ದೊಡ್ಡ ಶತ್ರು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಆವಕಾಯಿ, ಗೋಂಗೂರ, ಪುಡಿಗಳ ಸಾಲಿನಲ್ಲಿ ಒಂದನ್ನು ಆರಿಸಿಕೊಂಡು ಉಳಿದವನ್ನು ಕಣ್ಣಿನಿಂದ ಸವಿಯತಕ್ಕದ್ದು. ಸಿಹಿಮೂತ್ರದವರು ಗೇಟಿನ ಬಳಿ ಕಾಯುತ್ತ ಊಟದ ಹೊತ್ತು ಮೀರಿಸಬಾರದು. ಮಾತ್ರೆಗಳು ಕೈಚೀಲದಲ್ಲಿರಲಿ, ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿದ್ದ ಮಾತ್ರೆಯನ್ನು ರೈಲಿನಲ್ಲಿ ಯಾರೂ ಸಮಯಕ್ಕೆ ನುಂಗಿದ್ದಿಲ್ಲ.

ಮಹಾನಗರದ ಕನ್ನಡಿಗರಲ್ಲಿ ಅನೇಕರಿಗೆ ತಮ್ಮ ತಂದೆ ಊರಿನಿಂದ ಮೊದಲ ಸಲ ಬಂದ ದಿನ ನೆನಪಿರುತ್ತದೆ. ನೌಕರಿ ಸಿಕ್ಕ ಹೊಸತು, ಚಾಳಿನ ಕೋಣೆಯಲ್ಲಿ ನಾಲ್ವರು. ಪಂಚೆಯುಟ್ಟು, ಅವಲಕ್ಕಿಯ ಗಂಟು ಹಿಡಿದು ಬಂದ ಆ ಮುದುಕರು ಸಂಬಳವೆಷ್ಟೆಂದು ಕೇಳಲಿಲ್ಲ. ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ, ಊಟ ಎಲ್ಲಿ, ಅಡುಗೆಯವನು ಯಾವ ಊರಿನವನು ಎಂದು ಕೇಳಿ, ಖಾನಾವಳಿಗೆ ಹೋಗಿ ಅವನನ್ನು ಮಾತನಾಡಿಸಿ ಬಂದರು.

ಎರಡನೆಯ ದಿನ ಸಂಜೆ ಮಗುವನ್ನು ಗೇಟಿಗೆ ತಲಪಿಸುವಾಗ ಕಾಲು ಗಂಟೆ ಮುಂಚಿತವಾಗಿಯೇ ಹೋಗುವುದು ಒಳ್ಳೆಯದು. ಅವಸರದ ಬೀಳ್ಕೊಡುಗೆ ಇಬ್ಬರಿಗೂ ಕಷ್ಟ. ಕೋಣೆಯ ಗೆಳೆಯರಿಗೂ ಸಾಲುವಷ್ಟು ಕೋಡುಬಳೆ ಇರಲಿ, ಇಲ್ಲದಿದ್ದರೆ ಅದು ಮರುದಿನಕ್ಕೆ ಉಳಿಯುವುದಿಲ್ಲ. ಬರುವಾಗ ಡಬ್ಬಿಗಳಿಂದ ಭಾರವಾಗಿದ್ದ ಚೀಲ ಹೋಗುವಾಗಲೂ ಬರಿದಾಗಿರುವುದಿಲ್ಲ: ಒಗೆಯದ ಹೊದಿಕೆ, ಹೊಲಿಗೆ ಬಿಟ್ಟ ಎರಡು ಅಂಗಿ, ಗಿಡ್ಡವಾದ ಒಂದು ಜೊತೆ ಷರಾಯಿ.