ಆರೈಕೆ ಮಾಡುವವರ ಮನಸ್ಸಿಗೂ ಆರೈಕೆ ಬೇಕು

ಆಸ್ಪತ್ರೆಯ ವಾರ್ಡಿಗೆ ಬಂದ ರೋಗಿ ಮೊದಲು ನೋಡುವುದು ನರ್ಸ್‌ನ ಮುಖವನ್ನು. ಆ ಮುಖದಲ್ಲಿ ನಗು ಇದ್ದರೆ ರೋಗಿಗೆ ಅರ್ಧ ಧೈರ್ಯ ಬರುತ್ತದೆ. ಆದರೆ ಆ ನಗುವಿನ ಹಿಂದೆ ಇರುವ ಮನಸ್ಸು ಹೇಗಿದೆ ಎಂದು ಕೇಳುವವರು ಕಡಿಮೆ. ಕೊರೊನಾ ಕಾಲ ಈ ಪ್ರಶ್ನೆಯನ್ನು ನಮ್ಮೆಲ್ಲರ ಮುಂದೆ ಇಟ್ಟಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಕಾಯಿಲೆಯ ಅಬ್ಬರ ಇಳಿದರೂ ಅದು ಕಲಿಸಿದ ಪಾಠವನ್ನು ನಾವು ಮರೆಯಬಾರದು. ರೋಗಿಗಳಿಗೂ ಅವರ ಮನೆಯವರಿಗೂ ಇದು ಏಕೆ ಮುಖ್ಯ ಎಂಬುದನ್ನು ಇಲ್ಲಿ ಸರಳವಾಗಿ ತಿಳಿಸಲಾಗಿದೆ.

ಆಗ ನಡೆದದ್ದೇನು?

ಭಾರತದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯ ಒಬ್ಬ ವೃದ್ಧರು. ಅಂದು 2020ರ ಮಾರ್ಚ್ 10. ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರೊಬ್ಬರಿಗೂ ಸೋಂಕು ತಗುಲಿರುವುದು ಕೆಲವೇ ದಿನಗಳಲ್ಲಿ ಖಚಿತವಾಯಿತು. ಚಿಕಿತ್ಸೆ ಕೊಡುವವರೂ ಅಪಾಯದಲ್ಲಿದ್ದಾರೆ ಎಂಬುದು ಆಗಲೇ ಎಲ್ಲರಿಗೂ ತಿಳಿಯಿತು. 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಜಗತ್ತಿನಲ್ಲಿ 80 ಸಾವಿರದಿಂದ 1 ಲಕ್ಷ 80 ಸಾವಿರ ಆರೋಗ್ಯ ಕಾರ್ಯಕರ್ತರು ಕೋವಿಡ್‌ನಿಂದ ಮೃತಪಟ್ಟಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಪಿಪಿಇ ಕಿಟ್ ತೊಟ್ಟವರು ಅದನ್ನು ಕಳಚುವವರೆಗೆ ನೀರು ಕುಡಿಯುವಂತಿರಲಿಲ್ಲ, ಶೌಚಾಲಯಕ್ಕೆ ಹೋಗುವಂತಿರಲಿಲ್ಲ. ಮನೆಗೆ ಹೋದರೆ ವಯಸ್ಸಾದ ಅತ್ತೆ ಮಾವಂದಿರಿಗೆ, ಹಾಲು ಕುಡಿಯುವ ಮಗುವಿಗೆ ಸೋಂಕು ತಗುಲೀತೆಂಬ ಭಯ. ಎಷ್ಟೋ ತಾಯಂದಿರು ತಿಂಗಳುಗಟ್ಟಲೆ ಮಗುವನ್ನು ಬಾಗಿಲಾಚೆಯಿಂದ ನೋಡಿದರು. 2020ರ ಮಾರ್ಚ್ 22ರ ಸಂಜೆ ದೇಶವೇ ಚಪ್ಪಾಳೆ ತಟ್ಟಿತು. ಆದರೆ ಅದೇ ದಿನಗಳಲ್ಲಿ ಕೆಲವು ಊರುಗಳಲ್ಲಿ ನರ್ಸ್‌ಗಳಿಗೆ, ವೈದ್ಯರಿಗೆ ಬಾಡಿಗೆ ಮನೆ ಖಾಲಿ ಮಾಡಿ ಎಂದು ಹೇಳಿದವರೂ ಇದ್ದರು. ಮನೆ ಮನೆಗೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರು ಬೈಗುಳ ತಿಂದರು.

ಒಬ್ಬ ವಿದ್ಯಾರ್ಥಿನಿಯ ಮಾತು

2021ರ ಏಪ್ರಿಲ್-ಮೇ ತಿಂಗಳ ಎರಡನೇ ಅಲೆಯಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಪರದಾಟವಾಯಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಗ ಬೇರೊಂದು ಊರಿನ ಕೋವಿಡ್ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿದ್ದಳು. ಹೊರಗಿದ್ದ ಮಗಳೊಬ್ಬಳು ಫೋನಿನಲ್ಲಿ, "ಸಿಸ್ಟರ್, ಒಂದ್ಸಲ ಅವ್ವನ ಮಾರಿ ತೋರಸ್ರಿ" ಎಂದು ಬೇಡಿಕೊಂಡಳಂತೆ. ಇವಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲ್ ಹಿಡಿದು ತೋರಿಸಿದಳು. ಬೆಳಗಾಗುವುದರೊಳಗೆ ಆ ತಾಯಿ ತೀರಿಕೊಂಡರು. ಇವಳು ಪಕ್ಕದ ಹಾಸಿಗೆಯ ರೋಗಿಯ ಕಡೆಗೆ ಹೋದಳು.

"ಅಳೋದಕ್ಕೂ ಆಗಲಿಲ್ಲ ಮೇಡಂ. ಅತ್ತರೆ ಕನ್ನಡಕ ಮಂಜಾಗಿ ಮುಂದಿನವರ ನರ ಕಾಣೋದಿಲ್ಲ" ಎಂದು ಅವಳು ನನಗೆ ಹೇಳಿದ್ದು ಎರಡು ವರ್ಷಗಳ ನಂತರ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ರಾತ್ರಿ ಫೋನ್ ಸದ್ದಾದರೆ ಬೆಚ್ಚಿ ಏಳುತ್ತಿದ್ದಳು, ಮನೆಯಲ್ಲಿ ಸಣ್ಣ ಮಾತಿಗೂ ಸಿಟ್ಟಾಗುತ್ತಿದ್ದಳು. ಏಕೆ ಹೇಳಲಿಲ್ಲ ಎಂದು ಕೇಳಿದೆ. "ನರ್ಸ್ ಆದವಳು ಗಟ್ಟಿಯಾಗಿರಬೇಕು ಅಂತ ನೀವೇ ಕ್ಲಾಸಿನಲ್ಲಿ ಹೇಳಿದ್ದಿರಲ್ಲ" ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಅಂದಿನಿಂದ ನಾನು ಆ ಪಾಠವನ್ನು ತಿದ್ದಿಕೊಂಡಿದ್ದೇನೆ. ಗಟ್ಟಿಯಾಗಿರುವುದೆಂದರೆ ನೋವನ್ನು ಮುಚ್ಚಿಡುವುದಲ್ಲ, ಸಕಾಲದಲ್ಲಿ ಹೇಳಿಕೊಳ್ಳುವುದು.

ಮನಸ್ಸು ಏಕೆ ಬಳಲುತ್ತದೆ?

ಅಪಾಯ ಎದುರಾದಾಗ ನಮ್ಮ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುಗಡೆ ಮಾಡುತ್ತದೆ. ಎದೆ ಬಡಿತ ಹೆಚ್ಚುತ್ತದೆ, ನಿದ್ರೆ ದೂರವಾಗುತ್ತದೆ. ಅಪಾಯ ಬೇಗ ಕಳೆದರೆ ದೇಹ ಮೊದಲಿನ ಸ್ಥಿತಿಗೆ ಬರುತ್ತದೆ. ಆದರೆ ಅಪಾಯ ವಾರಗಟ್ಟಲೆ ಮುಂದುವರಿದು, ಮೇಲಿಂದ ಮೇಲೆ ರಾತ್ರಿ ಪಾಳಿಯೂ ಸೇರಿದರೆ, ದೇಹಕ್ಕೆ ವಿಶ್ರಾಂತಿಯ ಸೂಚನೆಯೇ ಸಿಗುವುದಿಲ್ಲ. ಆಗ ಹಸಿವು, ನಿದ್ರೆ, ನೆನಪು, ತಾಳ್ಮೆ ಎಲ್ಲವೂ ಏರುಪೇರಾಗುತ್ತವೆ.

ಇದರ ಜೊತೆಗೆ ಇನ್ನೊಂದು ನೋವಿದೆ. ಮಾಡಬೇಕಾದದ್ದು ಗೊತ್ತಿದ್ದೂ, ಹಾಸಿಗೆ ಅಥವಾ ಆಮ್ಲಜನಕ ಇಲ್ಲದೆ ಮಾಡಲಾಗದಿದ್ದಾಗ, "ನನ್ನಿಂದಲೇ ತಪ್ಪಾಯಿತೇನೋ" ಎಂಬ ಕೊರಗು ಉಳಿಯುತ್ತದೆ. ಇದು ಒಂದು ರಾತ್ರಿ ಮಲಗಿ ಎದ್ದರೆ ಹೋಗುವ ಆಯಾಸವಲ್ಲ.

ಕೆಲಸದ ಒತ್ತಡ ಬಹುಕಾಲ ಮುಂದುವರಿದು ಮನಸ್ಸು ಬತ್ತಿ ಹೋಗುವುದಕ್ಕೆ 'ಬರ್ನ್‌ಔಟ್' ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎಂದಲ್ಲ, ಕೆಲಸದಿಂದ ಉಂಟಾಗುವ ಸ್ಥಿತಿ ಎಂದು ಗುರುತಿಸಿದೆ. ಇದರ ಲಕ್ಷಣಗಳು ಮೂರು: ಶಕ್ತಿಯೆಲ್ಲ ಬರಿದಾದ ಅನುಭವ, ಕೆಲಸದ ಬಗ್ಗೆ ಬೇಸರ ಮತ್ತು ದೂರದ ಭಾವ, ಹಾಗೂ ತನ್ನ ಕೈಯಿಂದ ಏನೂ ಆಗುತ್ತಿಲ್ಲ ಎಂಬ ಅನಿಸಿಕೆ.

ಇವುಗಳನ್ನು ಕಡೆಗಣಿಸಬೇಡಿ

1. ದಣಿವಿದ್ದರೂ ನಿದ್ರೆ ಬಾರದಿರುವುದು, ಕೆಟ್ಟ ಕನಸುಗಳು.
2. ಕಾರಣವಿಲ್ಲದೆ ಸಿಟ್ಟು, ಅಳು, ಎದೆ ಡವಗುಟ್ಟುವುದು.
3. ಕೆಲಸಕ್ಕೆ ಹೊರಡುವಾಗ ಹೊಟ್ಟೆ ತೊಳಸುವುದು, ಭಯ.
4. ಮನೆಯವರೊಂದಿಗೆ ಮಾತು ಬಿಡುವುದು, ಕುಡಿತ ಅಥವಾ ನಿದ್ರೆ ಮಾತ್ರೆಯ ಮೊರೆ ಹೋಗುವುದು.
5. ಬದುಕುವುದೇ ಬೇಡ ಎನಿಸುವುದು.

ಮೊದಲ ನಾಲ್ಕರಲ್ಲಿ ಯಾವುದಾದರೂ ಎರಡು ವಾರ ಮೀರಿ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಐದನೆಯದು ಒಮ್ಮೆ ಕಾಣಿಸಿದರೂ ಕಾಯಬಾರದು, ಅವರನ್ನು ಒಂಟಿಯಾಗಿ ಬಿಡಬಾರದು, ಅಂದೇ ಸಹಾಯ ಪಡೆಯಬೇಕು.

ಆರೋಗ್ಯ ಕಾರ್ಯಕರ್ತರು ಮಾಡಬೇಕಾದದ್ದು

ಪಾಳಿಯ ನಡುವೆ ಹತ್ತು ನಿಮಿಷವಾದರೂ ಕುಳಿತು ನೀರು ಕುಡಿಯಿರಿ, ಊಟ ಬಿಡಬೇಡಿ. ರಾತ್ರಿ ಪಾಳಿ ಮುಗಿಸಿದ ಮೇಲೆ ಕೋಣೆ ಕತ್ತಲು ಮಾಡಿ ಮಲಗಿ. ಇಬ್ಬಿಬ್ಬರು ಜೋಡಿಯಾಗಿ ಒಬ್ಬರನ್ನೊಬ್ಬರು ಗಮನಿಸುತ್ತಿರಿ. "ಹೇಗಿದ್ದೀರಿ?" ಎಂದು ಕೇಳಿ, ಉತ್ತರ ಬರುವವರೆಗೆ ನಿಲ್ಲಿ. ವಾರ್ಡಿನಲ್ಲಿ ಸಾವಾದ ದಿನ ಪಾಳಿ ಬದಲಾಗುವ ಮುಂಚೆ ಎಲ್ಲರೂ ಐದು ನಿಮಿಷ ಕುಳಿತು ಮಾತನಾಡಿದರೆ ಭಾರ ಹಂಚಿಹೋಗುತ್ತದೆ. ಹಿರಿಯರು ಡ್ಯೂಟಿ ಪಟ್ಟಿ ಬರೆಯುವಾಗ ಒಬ್ಬರನ್ನೇ ಸತತವಾಗಿ ತುರ್ತು ವಾರ್ಡಿಗೆ ಹಾಕಬಾರದು. ವಿಶ್ರಾಂತಿ ಸಿಗದ ನರ್ಸ್‌ನಿಂದ ಔಷಧದ ಪ್ರಮಾಣದಲ್ಲಿ ತಪ್ಪಾಗುವ ಸಂಭವ ಹೆಚ್ಚು. ಆದ್ದರಿಂದ ಅವರ ವಿಶ್ರಾಂತಿ ರೋಗಿಯ ಸುರಕ್ಷತೆಗೂ ಬೇಕಾದದ್ದು.

ರೋಗಿಗಳು ಮತ್ತು ಅವರ ಕಡೆಯವರು ಮಾಡಬಹುದಾದದ್ದು

* ಕೇಳಬೇಕಾದ ಪ್ರಶ್ನೆಗಳನ್ನು ಮನೆಯವರಲ್ಲಿ ಒಬ್ಬರೇ ಒಟ್ಟಾಗಿ ಕೇಳಿ. ಪಾಳಿ ಬದಲಾಗುವ ಹೊತ್ತಿನಲ್ಲಿ, ಇಂಜೆಕ್ಷನ್ ಕೊಡುವಾಗ ತುರ್ತಿಲ್ಲದಿದ್ದರೆ ಸ್ವಲ್ಪ ಕಾಯಿರಿ.
* ಹೆಸರು ಹಿಡಿದು ಅಥವಾ ಸಿಸ್ಟರ್, ಅಣ್ಣಾ, ಅಕ್ಕಾ ಎಂದು ಕರೆಯಿರಿ. ಆಯಾ, ವಾರ್ಡ್‌ಬಾಯ್, ಕಸ ಗುಡಿಸುವವರಿಗೂ ಅದೇ ಗೌರವವಿರಲಿ.
* ಸೇವೆಯಲ್ಲಿ ಕೊರತೆ ಕಂಡರೆ ಸಹಿಸಿಕೊಂಡು ಸುಮ್ಮನಿರಬೇಕೆಂದು ನಾವು ಹೇಳುತ್ತಿಲ್ಲ. ಕೂಗಾಡದೆ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಅವರಿಗೆ ತಿಳಿಸಿ, ಬರೆದು ಕೊಡಿ.
* ಕೈ ಮಾಡುವುದು ಅಪರಾಧ. ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ 2020ರ ತಿದ್ದುಪಡಿ ಕಾನೂನಿನಂತೆ ಜಾಮೀನು ರಹಿತ ಪ್ರಕರಣ ದಾಖಲಾಗುತ್ತದೆ. 3 ತಿಂಗಳಿಂದ 5 ವರ್ಷದವರೆಗೆ, ತೀವ್ರ ಗಾಯವಾದರೆ 7 ವರ್ಷದವರೆಗೆ ಜೈಲು ಶಿಕ್ಷೆಯಿದೆ.
* ನಿಮ್ಮ ಮನೆಯಲ್ಲೇ ನರ್ಸ್ ಅಥವಾ ಆಶಾ ಕಾರ್ಯಕರ್ತೆ ಇದ್ದರೆ, ಕೆಲಸದಿಂದ ಬಂದ ಕೂಡಲೇ ಅಡುಗೆಮನೆಗೆ ಕಳಿಸಬೇಡಿ. ಒಂದು ಲೋಟ ಚಹಾ ಕೊಟ್ಟು ಕೂಡಿಸಿ. ಅವರು ಹೇಳಿದರೆ ಕೇಳಿ. ಹೇಳದಿದ್ದರೆ ಒತ್ತಾಯ ಬೇಡ.

ಸಹಾಯ ಎಲ್ಲಿ ಸಿಗುತ್ತದೆ?

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರ ಟೆಲಿ ಮಾನಸ್ ಸೇವೆ ಆರಂಭಿಸಿತು. ಇದರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪಾತ್ರ ದೊಡ್ಡದು. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ರೋಗಿಗಳು, ಮನೆಯವರು, ಸಿಬ್ಬಂದಿ ಯಾರೇ ಆದರೂ ಸಂಕೋಚಪಡಬೇಕಿಲ್ಲ. ಜ್ವರಕ್ಕೆ ಮಾತ್ರೆ ಕೇಳುವಷ್ಟೇ ಇದು ಸಹಜ.

ಶರಣರು ಕಾಯಕವನ್ನೂ ದಾಸೋಹವನ್ನೂ ದೊಡ್ಡದೆಂದು ಸಾರಿದರು. ರೋಗಿಯ ಸೇವೆ ನಮಗೆ ಕಾಯಕ. ಆದರೆ ಕಾಯಕ ಮಾಡುವ ಕೈಯೇ ಕುಸಿದರೆ ಸೇವೆ ನಿಂತು ಹೋಗುತ್ತದೆ. ದಣಿದು ಬಂದ ಭಕ್ತರಿಗೆ ಮಠದಲ್ಲಿ ಮೊದಲು ನೀರು ಕೊಟ್ಟು ಪ್ರಸಾದಕ್ಕೆ ಕೂಡಿಸುತ್ತಾರೆ. ದಣಿದ ಮನಸ್ಸಿಗೂ ಆ ಉಪಚಾರ ಸಲ್ಲಬೇಕು. ಮುಂದೆ ಯಾವ ಸಾಂಕ್ರಾಮಿಕ ಬಂದರೂ ನಮ್ಮ ವಾರ್ಡುಗಳು ಅದನ್ನು ಎದುರಿಸಬೇಕಾದರೆ, ಇಂದೇ ಈ ರೂಢಿ ಆರಂಭವಾಗಲಿ. ನೀವು ಗುಣಮುಖರಾಗಿ ಮನೆಗೆ ಹೊರಡುವ ದಿನ, ನಿಮ್ಮನ್ನು ನೋಡಿಕೊಂಡ ಸಿಸ್ಟರ್‌ಗೆ "ನೀವು ಹೇಗಿದ್ದೀರಿ?" ಎಂದು ಒಂದು ಮಾತು ಕೇಳಿ ಹೋಗಿ.