ರಾಣಿಯ ಎಡತೋಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಂದ ಬರುವ ನಮ್ಮಲ್ಲಿ ಅನೇಕರ ಎಡತೋಳಿನಲ್ಲಿ ಲಸಿಕೆಯ ಕಲೆಯಿದೆ. ಅದನ್ನು ಕಂಡಾಗ ನನಗೆ 1805ರ ಮೈಸೂರಿನ ಭಾವಚಿತ್ರವೊಂದು ನೆನಪಾಗುತ್ತದೆ. ಐರ್ಲೆಂಡಿನ ಥಾಮಸ್ ಹಿಕ್ಕಿ ಬರೆದ ಅದರಲ್ಲಿ ಅರಮನೆಯ ಮೂವರು ಸ್ತ್ರೀಯರು ಒಡವೆ ತೊಟ್ಟು ನಿಂತಿದ್ದಾರೆ. ಬಲಗಡೆಯ ರಾಣಿ ಸೆರಗು ಸರಿಸಿ ಎಡತೋಳು ತೋರುತ್ತಾಳೆ. ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಿವರಿಸುತ್ತಾರೆ. ಎಡಗಡೆಯವಳ ಬಾಯಿಯ ಸುತ್ತ ಚರ್ಮದ ಬಣ್ಣ ಬೇರೆ. ಸಿಡುಬಿನ ಸೋಂಕನ್ನೇ ಅಲ್ಪವಾಗಿ ತಗುಲಿಸುವ ಹಳೆಯ ಪದ್ಧತಿಯ ಗುರುತು ಅದು ಎಂಬುದು ಅವರ ಅಭಿಪ್ರಾಯ. ಹೊಸ ಲಸಿಕೆಗೆ ಜನ ಹೆದರುತ್ತಿದ್ದ ಕಾಲವದು. ಅಂತಃಪುರದ ರಾಣಿಯೇ ಧೈರ್ಯ ಮಾಡಿದಳೆಂದರೆ ಪ್ರಜೆಗಳ ಅಂಜಿಕೆಯೂ ಕಡಿಮೆಯಾದೀತು. ಒಡವೆ ಅವಳ ಅಂತಸ್ತನ್ನು ಹೇಳಿದರೆ, ಸರಿಸಿದ ಸೆರಗು ಅವಳ ನಿರ್ಧಾರವನ್ನು ಹೇಳುತ್ತದೆ. ಗೆಳೆಯರೇ, ಭಾವಚಿತ್ರ ಕಂಡಾಗ ಮುಖ ನೋಡಿ ಮುಂದೆ ಸಾಗಬೇಡಿ. ಕೈ ಎಲ್ಲಿದೆ, ಬಟ್ಟೆ ಏನನ್ನು ತೋರುತ್ತಿದೆ ಎಂದೂ ನೋಡಿ.