ಗುಡ್ಡದ ನೆತ್ತಿಯಲ್ಲಿ ಹನ್ನೊಂದು ಸೆಕೆಂಡ್

ಮಂಗಳೂರಿಗೆ ವಿಮಾನದಲ್ಲಿ ಬರುವವರು ಕೊನೆಯ ಎರಡು ನಿಮಿಷ ಮೊಬೈಲ್ ಬದಿಗಿಟ್ಟು ಕಿಟಕಿಯ ಹೊರಗೆ ಕಣ್ಣು ಹಾಯಿಸಬೇಕು. ಕಡಲ ಕಡೆಯಿಂದ ಬಂದಿರೋ, ಮೊದಲು ಅರಬ್ಬಿ ಸಮುದ್ರದ ನೊರೆಗೆರೆ, ಆಮೇಲೆ ಬಳುಕುತ್ತ ಹರಿಯುವ ಫಲ್ಗುಣಿ, ತೆಂಗಿನ ತೋಟ, ಹಂಚಿನ ಮಾಡು, ಗದ್ದೆ, ಕಣಿವೆ. ಎಲ್ಲವೂ ಇನ್ನೂ ಕೆಳಗೆ, ಎಷ್ಟೋ ಕೆಳಗೆ! ಇಳಿಯಲು ಇನ್ನೂ ಹೊತ್ತಿದೆ ಎಂದು ನೀವು ಸೀಟಿಗೆ ಒರಗುವಷ್ಟರಲ್ಲಿ ಧಡ್ ಎಂದು ಚಕ್ರ ನೆಲ ಮುಟ್ಟಿರುತ್ತದೆ. ನೆಲ ಎಲ್ಲಿಂದ ಬಂತು? ಅದು ಗುಡ್ಡದ ರೂಪದಲ್ಲಿ ಮೇಲೆದ್ದು ನಿಮಗಾಗಿ ಕಾದಿತ್ತು. ಸಮುದ್ರ ಮಟ್ಟದಿಂದ ನೂರು ಮೀಟರಿಗಿಂತ ತುಸು ಎತ್ತರದಲ್ಲಿ, ಮುರಕಲ್ಲಿನ ಪದವಿನ ಮೇಲೆ, ಊಟಕ್ಕೆ ಮಣೆ ಹಾಕಿದಂತೆ ಚಾಚಿಕೊಂಡಿದೆ ಬಜ್ಪೆಯ ರನ್‌ವೇ. ಉದ್ದ 2,450 ಮೀಟರ್. ಎರಡೂ ತುದಿಯಾಚೆ ಕಣಿವೆ.

ಈ ಮಣೆಯ ಮೇಲೆ ಒಂದು ವರ್ಷದಲ್ಲಿ ಎಷ್ಟು ಜನ ಹತ್ತಿಳಿಯುತ್ತಾರೆ ಗೊತ್ತೇ? 2017-18ರಲ್ಲಿ 22 ಲಕ್ಷಕ್ಕೂ ಹೆಚ್ಚು! ಸರಾಸರಿ ತೆಗೆದರೆ ದಿನಕ್ಕೆ ಆರು ಸಾವಿರ. ರಾಜಧಾನಿಯಲ್ಲದ, ಮಹಾನಗರವೂ ಅಲ್ಲದ ಒಂದು ಬಂದರು ಪಟ್ಟಣದ ಹೊರವಲಯದ ಗುಡ್ಡದಲ್ಲಿ! ಇಷ್ಟು ಜನ ಯಾವಾಗ, ಎಲ್ಲಿಂದ ಬಂದರು ಎಂದು ಬೆನ್ನು ಹತ್ತಿದರೆ ಕತೆ ನಿಲ್ಲುವುದು ಯಾವ ಕಂಪನಿಯ ಕಚೇರಿಯಲ್ಲೂ ಅಲ್ಲ, ಯಾವ ಮಂತ್ರಿಯ ಭಾಷಣದಲ್ಲೂ ಅಲ್ಲ. ಅದು ನಿಲ್ಲುವುದು ಬರೇ ಎಂಟುನೂರು ಚಿಲ್ಲರೆ ಮೀಟರ್ ಕಾಂಕ್ರೀಟಿನ ಮೇಲೆ.

ಮೊದಲಿನಿಂದ ನೋಡೋಣ. 1951ರ ಡಿಸೆಂಬರ್ 25. ಡಗ್ಲಾಸ್ ಡಿಸಿ-3, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಡಕೋಟಾ, ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತು ಈ ಪದವಿನ ಮೇಲೆ ಇಳಿಯಿತು. ಬಜ್ಪೆ ಏರೋಡ್ರೋಮ್ ಶುರುವಾಯಿತು. ಆ ದಿನ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ! ದಕ್ಷಿಣ ಕನ್ನಡ ಇನ್ನೂ ಮದರಾಸಿನ ಕೈಕೆಳಗಿನ ಒಂದು ಜಿಲ್ಲೆ. ಇಂಡಿಯನ್ ಏರ್‌ಲೈನ್ಸ್ ಕೂಡ ಹುಟ್ಟಿರಲಿಲ್ಲ. ಎಂಟು ಖಾಸಗಿ ಕಂಪನಿಗಳನ್ನು ಸೇರಿಸಿ ಅದನ್ನು ಕಟ್ಟಿದ್ದು 1953ರಲ್ಲಿ. ರಾಜ್ಯಕ್ಕಿಂತ ಐದು ವರ್ಷ ಹಿರಿಯ ಈ ವಿಮಾನ ನಿಲ್ದಾಣ!

ಆದರೆ ಹಿರಿತನದಿಂದ ಆಗುವುದೇನು? ಆ ಮೊದಲ ರನ್‌ವೇ 1,600 ಮೀಟರ್ ಚಿಲ್ಲರೆ ಉದ್ದ, ಅಷ್ಟೇ. ಡಕೋಟಾಕ್ಕೆ ಅದು ಧಾರಾಳ. ಆವ್ರೋ ವಿಮಾನಕ್ಕೂ ಸಾಕು. ಆದರೂ 1981ರ ಆಗಸ್ಟ್ 19ರಂದು ಒಂದು ಆವ್ರೋ ಅದನ್ನೂ ಮೀರಿ ಓಡಿ ಗುಡ್ಡದಂಚಿನಲ್ಲಿ ನಿಂತಿತು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಪುಣ್ಯ. ಮುಂದೆ ಬೋಯಿಂಗ್ 737 ಬಂತು. ಜೆಟ್ ವಿಮಾನ, ಇಷ್ಟು ಗಿಡ್ಡ ರನ್‌ವೇ, ಮಳೆಗಾಲದಲ್ಲಿ ಒದ್ದೆ ನೆಲ! ಇಳಿಸಿದ ಪೈಲಟ್‌ಗಳಿಗೆ ಈಗಲೂ ಎದ್ದು ನಿಂತು ಕೈಮುಗಿಯಬೇಕು ಅನಿಸುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ನೋಡಬೇಕು, ಇಡೀ ಸ್ವಾರಸ್ಯ ಇರುವುದೇ ಇದರಲ್ಲಿ. ವಿಮಾನ ಏರುವುದಕ್ಕೆ ರೆಕ್ಕೆಯ ಮೇಲೆ ಗಾಳಿ ರಭಸವಾಗಿ ಹಾಯಬೇಕು. ಆ ರಭಸ ಬರಲು ಓಟ ಬೇಕು. ವಿಮಾನ ಭಾರವಾದಷ್ಟೂ ಓಟ ಉದ್ದವಾಗಬೇಕು. ಕರಾವಳಿಯ ಸೆಕೆಗೆ ಗಾಳಿ ಬೇರೆ ತೆಳ್ಳಗಾಗುತ್ತದೆ, ಹಾಗಾಗಿ ಓಟ ಇನ್ನಷ್ಟು ಬೇಕು. ರನ್‌ವೇ ಗಿಡ್ಡವಾದರೆ ಇರುವ ದಾರಿ ಒಂದೇ, ಭಾರ ಇಳಿಸುವುದು. ಏನನ್ನು ಇಳಿಸುತ್ತೀರಿ? ಜನವನ್ನೋ, ಲಗೇಜನ್ನೋ, ಇಂಧನವನ್ನೋ? ಮುಂಬೈಗೆ ಒಂದೂವರೆ ಗಂಟೆ, ಸ್ವಲ್ಪ ಇಂಧನದಲ್ಲಿ ಹೇಗೋ ನಡೆದೀತು. ದುಬೈಗೆ? ಮೂರೂವರೆ ಗಂಟೆಗೆ ಬೇಕಾದಷ್ಟು ಇಂಧನ ತುಂಬಿ, 180ಕ್ಕೂ ಹೆಚ್ಚು ಜನರನ್ನು ಕೂರಿಸಿ, ಅವರ ಪೆಟ್ಟಿಗೆಗಳನ್ನೆಲ್ಲ ಹೇರಿ ಆ ಹಳೆಯ ರನ್‌ವೇಯಿಂದ ಹಾರುವುದು ಕನಸಿನ ಮಾತು.

ಅತ್ತ ಜನ ಕಾಯುತ್ತ ಕೂತವರಲ್ಲ. ಕರಾವಳಿಯವರಿಗೆ ಊರು ಬಿಡುವುದು ಹೊಸತೇ? ಹಡಗು ಹತ್ತಿ ಬೊಂಬಾಯಿಗೆ ಹೋಗಿ ಹೋಟೆಲು ಇಟ್ಟವರು ಇವರು. ಒಂದೇ ಜಿಲ್ಲೆಯಲ್ಲಿ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಂದು ಸಾಲುಸಾಲು ಬ್ಯಾಂಕ್ ಹುಟ್ಟಿಸಿದವರು. ಮಣಿಪಾಲದಲ್ಲಿ 1953ರಲ್ಲೇ ಖಾಸಗಿ ಮೆಡಿಕಲ್ ಕಾಲೇಜು ಕಟ್ಟಿ ದೇಶದ ಮೂಲೆಮೂಲೆಯ ಹುಡುಗರನ್ನು ಕರೆಸಿಕೊಂಡವರು. 1970ರ ನಂತರ ಕೊಲ್ಲಿ ದೇಶಗಳ ಬಾಗಿಲು ತೆರೆದಾಗ ಬ್ಯಾರಿಗಳು, ಕ್ರೈಸ್ತರು, ಬಂಟರು, ಬಿಲ್ಲವರು, ಮೊಗವೀರರು ಎಲ್ಲರೂ ಹೊರಟರು. ಹೊರಟದ್ದು ಹೇಗೆ? ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಮುಂಬೈಗೆ, ಅಲ್ಲಿ ನೆಂಟರ ಖೋಲಿಯಲ್ಲಿ ಬಿಡಾರ, ಆಮೇಲೆ ವಿಮಾನ. ಇಲ್ಲವೇ ಗಡಿ ದಾಟಿ ಕೋಯಿಕ್ಕೋಡಿಗೆ. ರಜೆ ಸಿಗುವುದೇ ಒಂದಿಷ್ಟು ದಿನ, ಅದರಲ್ಲಿ ಎರಡು ಮೂರು ದಿನ ದಾರಿಯಲ್ಲೇ ಹೋಯಿತು!

ಪ್ರಯಾಣಿಕರು ಮೊದಲೇ ಇದ್ದರು. ಇಲ್ಲದೇ ಇದ್ದದ್ದು ಉದ್ದ!

ಉದ್ದ ಸುಮ್ಮನೆ ಬರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಜಾಗ ಮುಗಿದ ಮೇಲೆ ಎಲ್ಲಿಗೆ ಚಾಚುವುದು? ಮುರಕಲ್ಲು ಕಡಿದು, ತಗ್ಗಿಗೆ ಮಣ್ಣು ಸುರಿದು, ಬೇರೆಯೇ ದಿಕ್ಕಿನಲ್ಲಿ ಎರಡನೆಯ ರನ್‌ವೇ ಹಾಸಿದರು. ಸುತ್ತಲಿನ ಊರವರು 1990ರ ದಶಕದಲ್ಲೇ ಇದನ್ನು ವಿರೋಧಿಸಿ ಕೋರ್ಟಿಗೆ ಹೋಗಿದ್ದರು. ಅವರ ವಾದದಲ್ಲಿ ತೋಟ-ಮನೆಯ ದುಃಖ ಮಾತ್ರ ಇರಲಿಲ್ಲ, ರನ್‌ವೇಯ ತುದಿಯಾಚೆಯ ಪ್ರಪಾತದ ಭಯವೂ ಇತ್ತು. ಈ ಮಾತು ನೆನಪಿನಲ್ಲಿರಲಿ.

2006ರ ಮೇ 10ರಂದು 2,450 ಮೀಟರಿನ ಹೊಸ ರನ್‌ವೇ ಉದ್ಘಾಟನೆಯಾಯಿತು. ಅಕ್ಟೋಬರ್ 3ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಿಂದ ನೇರ ದುಬೈಗೆ ಹಾರಿತು! ಐದು ತಿಂಗಳೂ ಆಗಿರಲಿಲ್ಲ. ಐವತ್ತೈದು ವರ್ಷ ಆಗದ್ದು ಐದು ತಿಂಗಳಲ್ಲಿ!

ಮೊದಲು ಎಂಟುನೂರು ಚಿಲ್ಲರೆ ಮೀಟರ್ ಅಂದೆನಲ್ಲ, ಅದು ಹಳೆಯ ಮತ್ತು ಹೊಸ ರನ್‌ವೇಗಳ ಉದ್ದದ ವ್ಯತ್ಯಾಸ; ಅದನ್ನು ವಿಮಾನದ ಕಣ್ಣಿನಿಂದ ಅಳೆಯಿರಿ. ಬೋಯಿಂಗ್ 737 ಇಳಿಯುವಾಗಿನ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಎಪ್ಪತ್ತೆರಡು ಮೀಟರ್. ಆ ವೇಗಕ್ಕೆ ಅಷ್ಟು ಉದ್ದ ಅಂದರೆ ಹನ್ನೊಂದು ಸೆಕೆಂಡ್ ಚಿಲ್ಲರೆ. ಹನ್ನೊಂದು ಸೆಕೆಂಡಿನ ನೆಲ ಕೂಡಿಸಿದ್ದಕ್ಕೆ ಒಂದು ಕರಾವಳಿಯ ದಿಕ್ಕೇ ತಿರುಗಿತು! ದುಬೈ, ಅಬುಧಾಬಿ, ಮಸ್ಕತ್, ದೋಹಾ, ಬಹರೇನ್, ಕುವೈತ್ ಎಂದು ಫಲಕದಲ್ಲಿ ಒಂದೊಂದೇ ಹೆಸರು ಸೇರುತ್ತ ಹೋಯಿತು. ಹಿಂದೆ ಮುಂಬೈಯಲ್ಲಿ ಬಿಡಾರ ಹೂಡಿ ಕಾಯುತ್ತಿದ್ದವನ ಮಗ ಮನೆಯಲ್ಲಿ ನೀರ್‌ದೋಸೆ ತಿಂದು ಹೊರಟು ಮಧ್ಯಾಹ್ನಕ್ಕೆ ಶಾರ್ಜಾದ ರೂಮಿನಲ್ಲಿರತೊಡಗಿದ. ಅವನನ್ನು ಬೀಳ್ಕೊಡಲು ಜೀಪಿನಲ್ಲಿ ಇಡೀ ಕುಟುಂಬ ಗುಡ್ಡ ಹತ್ತುವುದು ಬೇರೆ! ಒಬ್ಬ ಹಾರಿದರೆ ಹತ್ತು ಜನ ಕಣ್ಣೊರೆಸಿಕೊಳ್ಳುವ ವಿಮಾನ ನಿಲ್ದಾಣ ಇದು, ಆ ಲೆಕ್ಕ ಯಾವ ಅಂಕಿಅಂಶದಲ್ಲೂ ಬರುವುದಿಲ್ಲ.

ಆಮೇಲಿನದು ಹೇಳದೆ ಬಿಡಲಾಗದು. ಕೆಂಜಾರಿನ ಬದಿಯಲ್ಲಿ ಹೊಸ ಟರ್ಮಿನಲ್ 2010ರ ಮೇ 15ರಂದು ಉದ್ಘಾಟನೆಯಾಯಿತು. ಸರಿಯಾಗಿ ಏಳು ದಿನ ಕಳೆದು, ಮೇ 22ರ ಬೆಳಗಿನ ಜಾವ, ಅದೇ ದುಬೈ ದಾರಿಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8. ಊರವರು ಕೋರ್ಟಿನ ಮುಂದೆ ಹೇಳಿದ್ದ ಅದೇ ಪ್ರಪಾತ. ತನಿಖೆ ಮುಖ್ಯವಾಗಿ ಬೊಟ್ಟು ಮಾಡಿದ್ದು ಕ್ಯಾಪ್ಟನ್‌ನ ತಪ್ಪಿನತ್ತ. ತೀರ ಮುಂದೆ ಹೋಗಿ ನೆಲ ಮುಟ್ಟಿದ್ದ, ಮತ್ತೆ ಮೇಲೇರಿಸುವ ಅವಕಾಶವನ್ನು ಕೈಬಿಟ್ಟಿದ್ದ. ಇರಬಹುದು. ಆದರೆ ಬಯಲಿನ ನಿಲ್ದಾಣದಲ್ಲಿ ಅಂಥ ತಪ್ಪಿಗೆ ಕೆಸರಿನಲ್ಲಿ ನಿಲ್ಲುವ ದಂಡ ಬೀಳುತ್ತದೆ, ಇಲ್ಲಿ ಬಿದ್ದದ್ದು ಬೇರೆ. ತಣ್ಣೀರುಬಾವಿಯ ದಾರಿಯಲ್ಲಿ, ಫಲ್ಗುಣಿಯ ದಡದಲ್ಲಿ, ಗುರುತು ಸಿಗದೆ ಉಳಿದವರನ್ನು ಮಣ್ಣು ಮಾಡಿದ ಜಾಗದಲ್ಲಿ ಸ್ಮಾರಕವಿದೆ.

ಅಷ್ಟಾದ ಮೇಲೆ ಜನ ಹೆದರಿ ಬಸ್ಸು ಹತ್ತಿದರೇ? ಇಲ್ಲ! ಸಂಖ್ಯೆ ಏರುತ್ತಲೇ ಹೋಯಿತು. 2014-15ಕ್ಕೆ 13 ಲಕ್ಷ. ಮೂರೇ ವರ್ಷದಲ್ಲಿ 22 ಲಕ್ಷ! ಇದಕ್ಕೆ ಕೊಲ್ಲಿ ಒಂದೇ ಕಾರಣವಲ್ಲ. ಬೆಂಗಳೂರನ್ನು ನೋಡಿ, ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್, ನಡುವೆ ಘಟ್ಟ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜಾರಿದರೆ ಬಸ್ಸಿಲ್ಲ, ಎಡಕುಮೇರಿಯ ಬಳಿ ಹಳಿಯ ಅಡಿ ಮಣ್ಣು ಕುಸಿದರೆ ರೈಲಿಲ್ಲ. 2018ರ ಆಗಸ್ಟ್‌ನಲ್ಲಿ, 2024ರ ಜುಲೈಯಲ್ಲಿ ಆದದ್ದು ಇದೇ. ಘಟ್ಟ ಮುಚ್ಚಿದ ದಿನ ವಿಮಾನದ ಟಿಕೆಟ್ ದರ ನೋಡಿದವರಿಗೆ ಗೊತ್ತು, ಒಂದು ಗಂಟೆಯ ಹಾರಾಟಕ್ಕೆ ಕೊಲ್ಲಿಯ ದರ! ಬೆಟ್ಟ ಕುಸಿದಾಗ ಜನ ಬೆಟ್ಟದ ಮೇಲಿನ ನಿಲ್ದಾಣಕ್ಕೆ ಓಡುತ್ತಾರೆ.

ಏರಿಕೆಯಷ್ಟೇ ಇಳಿಕೆಯೂ ಬೆರಗು ಹುಟ್ಟಿಸುತ್ತದೆ. 2018ರ ಡಿಸೆಂಬರ್ 9ರಂದು ಕಣ್ಣೂರಿನ ವಿಮಾನ ನಿಲ್ದಾಣ ತೆರೆಯಿತು, ಅತ್ತಣ ಮಲಯಾಳಿ ಪ್ರಯಾಣಿಕರಲ್ಲಿ ಒಂದು ಪಾಲು ಅತ್ತಲೇ ಉಳಿಯಿತು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ರೆಕ್ಕೆ ಮಡಚಿತು, ಇಲ್ಲಿನ ಎಷ್ಟೋ ಹಾರಾಟಗಳು ಒಂದೇಟಿಗೆ ಖಾಲಿ. ಆಮೇಲೆ ಕೊರೊನಾ. 2020-21ರಲ್ಲಿ ಇಡೀ ವರ್ಷಕ್ಕೆ ಆರು ಲಕ್ಷವೂ ತುಂಬಲಿಲ್ಲ! ಅದೇ ವರ್ಷದ ಮೇ 12ರ ರಾತ್ರಿ ದುಬೈನಿಂದ ಊರಿನವರನ್ನು ಹೊತ್ತ ಮೊದಲ ವಿಶೇಷ ವಿಮಾನ ಬಂದಿಳಿದಾಗ, ಹನ್ನೊಂದು ಸೆಕೆಂಡಿನ ಆ ನೆಲದ ಬೆಲೆ ಏನೆಂದು ಕಾಯುತ್ತಿದ್ದ ಮನೆಗಳಿಗೆ ತಿಳಿಯಿತು.

2020ರ ಅಕ್ಟೋಬರ್ 31ರಂದು ನಿಲ್ದಾಣ ಅದಾನಿ ಸಮೂಹದ ಕೈಗೆ ಹೋಯಿತು, ಐವತ್ತು ವರ್ಷಕ್ಕೆ. ಅದು ಪರವೋ ವಿರೋಧವೋ, ಊರಿನ ಪ್ರತಿ ಹೋಟೆಲಿನಲ್ಲೂ ವಾದ ನಡೆದಿದೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ. ಆ ಹರಾಜಿನಲ್ಲಿ ಮಂಗಳೂರಿಗೆ ಬಂದ ಬೆಲೆ, ದೇಶದೊಳಗಿನ ಪ್ರಯಾಣಿಕರಿಗೆ ತಲಾ 115 ರೂಪಾಯಿ. ಜತೆಗೆ ಹರಾಜಾದ ಅಹಮದಾಬಾದಿಗೆ 177, ತಿರುವನಂತಪುರಕ್ಕೆ 168. ಆರು ನಿಲ್ದಾಣಗಳಲ್ಲಿ ಎಲ್ಲಕ್ಕಿಂತ ಕಡಿಮೆ ನಮ್ಮದು! ಬೆಳೆಯುವ ಆಸೆ ಎಷ್ಟಿದ್ದರೇನು, ಬೆಳೆಯಲು ನೆಲ ಎಲ್ಲಿದೆ ಎಂದು ವ್ಯಾಪಾರಿಗಳು ಲೆಕ್ಕ ಹಾಕಿರಬೇಕು ಎಂಬುದು ನನ್ನ ಊಹೆ.

2023ರಲ್ಲಿ ಇನ್ನೊಂದು ವಿಚಿತ್ರ. ರನ್‌ವೇಗೆ ಹೊಸ ಹಾಸು ಹಾಕಬೇಕಿತ್ತು, ಆದರೆ ಬಳಕೆಗೆ ಇರುವುದು ಒಂದೇ ರನ್‌ವೇ. ಜನವರಿ 27ರಿಂದ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರ ತನಕ ವಿಮಾನಗಳಿಗೆ ರಜೆ. ಹಗಲು ಡಾಂಬರು, ರಾತ್ರಿ ವಿಮಾನ! ಬೆಳಗಿನ ಕೊನೆಯ ವಿಮಾನ ಹಾರಿತೋ, ಕೆಲಸದವರು ನುಗ್ಗಬೇಕು; ಸಂಜೆಯ ಮೊದಲ ವಿಮಾನ ಇಳಿಯುವ ಮೊದಲು ಒಂದು ಕಲ್ಲಿನ ಚೂರೂ ಉಳಿಯದಂತೆ ಗುಡಿಸಿ ಹೊರಡಬೇಕು. ಮಳೆ ಹಿಡಿಯುವ ಮುಂಚೆ ಎಲ್ಲ ಮುಗಿಯಬೇಕು. ಮುಗಿಯಿತು! 2023-24ರಲ್ಲಿ ಪ್ರಯಾಣಿಕರು ಮತ್ತೆ 20 ಲಕ್ಷ ದಾಟಿದರು.

ಇಂದಿಗೂ ಬಜ್ಪೆಯನ್ನು ವಿಮಾನಯಾನದವರು ಸೂಕ್ಷ್ಮ ನಿಲ್ದಾಣ ಎಂದೇ ಎಣಿಸುತ್ತಾರೆ. ಇಲ್ಲಿ ಇಳಿಸುವುದೂ ಏರಿಸುವುದೂ ಕ್ಯಾಪ್ಟನ್‌ನ ಕೈಯಲ್ಲೇ ಆಗಬೇಕು, ಕಿರಿಯ ಪೈಲಟ್‌ಗೆ ಬಿಟ್ಟುಕೊಡುವಂತಿಲ್ಲ. ಕಣಿವೆಯಂಚಿನ ಗಾಳಿ ಏಳುತ್ತದೆ, ಬೀಳುತ್ತದೆ. ಆಷಾಢದ ಮಳೆ ಅಡ್ಡ ಬಂದರೆ ರನ್‌ವೇ ಕಾಣದೆ ವಿಮಾನ ಸುತ್ತು ಹಾಕಿ ಬೆಂಗಳೂರಿಗೆ ತಿರುಗುವುದೂ ಉಂಟು. ಆರಾಮವಾಗಿ ಕಾಫಿ ಹೀರುತ್ತ ಕೂತ 180 ಜನರಿಗೆ ಇದರ ಸುಳಿವೂ ಇರುವುದಿಲ್ಲ!

ನಿಲ್ದಾಣಕ್ಕೆ ಯಾರ ಹೆಸರಿಡಬೇಕು ಎಂಬ ಚರ್ಚೆ ಊರಿನಲ್ಲಿ ಆಗಾಗ ಕಾವೇರುತ್ತದೆ. ನಡೆಯಲಿ, ಬೇಡ ಎನ್ನುವುದಿಲ್ಲ. ಆದರೆ ಹೆಸರಿಗಿಂತ ಮೊದಲು ಕೇಳಬೇಕಾದದ್ದು ನೆಲ. ರನ್‌ವೇ ಪಟ್ಟಿಯ ತುದಿಯಾಚೆ ವಿಮಾನ ಜಾರಿದರೆ ತಡೆಯುವ ಸುರಕ್ಷಾ ಜಾಗ ಕನಿಷ್ಠ 90 ಮೀಟರ್ ಇರಲೇಬೇಕು, 240 ಮೀಟರ್ ಇದ್ದರೆ ಒಳಿತು ಎನ್ನುತ್ತದೆ ಅಂತಾರಾಷ್ಟ್ರೀಯ ನಿಯಮ. ದುರಂತದ ದಿನ ಇದ್ದದ್ದು 90. ಉಳಿದ 150 ಮೀಟರ್ ವಿಮಾನದ ವೇಗದಲ್ಲಿ ಎರಡು ಸೆಕೆಂಡಿನ ನೆಲ. ಹನ್ನೊಂದು ಸೆಕೆಂಡಿನ ನೆಲಕ್ಕೆ ಗುಡ್ಡ ಕಡಿದವರಿಗೆ ಎರಡು ಸೆಕೆಂಡಿನದ್ದು ಅಸಾಧ್ಯವಲ್ಲ. ಹೊಸ ಹಾರಾಟ ಬೇಕು, ದೊಡ್ಡ ವಿಮಾನ ಬೇಕು, ಇನ್ನೂ ಹತ್ತು ಲಕ್ಷ ಪ್ರಯಾಣಿಕರು ಬೇಕು ಎಂದು ಮನವಿ ಬರೆಯುವ ಕರಾವಳಿಯ ಶಾಸಕರು, ಸಂಸದರು, ವಾಣಿಜ್ಯ ಸಂಘಗಳವರು ಮೊದಲ ಸಾಲಿನಲ್ಲಿ ಆ 240 ಮೀಟರ್ ಕೇಳಲಿ. ಅದಕ್ಕೆ ಜಾಗ ಬಿಟ್ಟುಕೊಡುವ ಗುಡ್ಡದ ಬುಡದ ಮನೆಗಳಿಗೆ ತಕ್ಕ ಪರಿಹಾರವನ್ನು ಎರಡನೆಯ ಸಾಲಿನಲ್ಲಿ ಬರೆಯಲಿ.